ಹೆಣ್ಣು, ಚೆಂಡು ಮತ್ತು ಊರ ಬಯಲು

(ಸ್ವಸಹಾಯ ಸಂಘಗಳ ಸದಸ್ಯೆಯರ ತಾಲ್ಲೂಕು ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆದಿರಿ. ನಾನು ಹೆಂಗಸರ ಫುಟ್‌ಬಾಲ್ ಬಗ್ಗೆ ಮಾತಾಡುತ್ತೇನೆ ಎಂದಾಗ ನಿಮ್ಮ ಒಕ್ಕೂಟದ ಅಧ್ಯಕ್ಷೆ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಆಗಲಿ ಮೇಡಂ, ಒಂದಿಷ್ಟು ನಗಿಸಿದರೂ ಪುಣ್ಯವೇ" ಎಂದರು. ನಗುವುದಾದರೆ ನಗಿ. ಆದರೆ ಕೊನೆಯ ತನಕ ಕೇಳಿ.

ಮಾರ್ಚ್ 8ರಂದು ನಮ್ಮ ಕಡೆ ಮಹಿಳಾ ದಿನಾಚರಣೆ ಹೇಗೆ ನಡೆಯುತ್ತದೆಂಬುದು ನಿಮಗೆಲ್ಲ ಗೊತ್ತು. ರಂಗೋಲಿ ಸ್ಪರ್ಧೆ, ಮ್ಯೂಸಿಕಲ್ ಚೇರ್, ಚಮಚದಲ್ಲಿ ನಿಂಬೆಹಣ್ಣು. ಬಾಯಲ್ಲಿ ಚಮಚ ಕಚ್ಚಿಕೊಂಡು, ಮಾತಾಡದೆ, ಅತ್ತಿತ್ತ ನೋಡದೆ, ಏನೂ ಬೀಳದಂತೆ ನಡೆಯುವ ಆಟ ಅದು. ಮದುವೆಯಾಗಿ ವರ್ಷ ಕಳೆದ ಹೆಂಗಸಿಗೆ ಅದಕ್ಕೆ ಬೇರೆ ತರಬೇತಿ ಬೇಕೇ? ಗೆದ್ದವಳಿಗೆ ಸ್ಟೀಲ್ ಡಬ್ಬಿ. ಹಿಂದೆ "ವರದಕ್ಷಿಣೆ ತೊಲಗಲಿ" ಎಂಬ ಬ್ಯಾನರು. ಸಂಜೆ ಬ್ಯಾನರನ್ನು ಮಡಿಸಿಟ್ಟು ಎಲ್ಲರೂ ಮನೆಗೆ ಹೋಗಿ ಒಲೆ ಹಚ್ಚುತ್ತೇವೆ. ಮೂವತ್ತು ವರ್ಷ ನಾನೂ ಇಂಥ ಸಮಾರಂಭಗಳಲ್ಲಿ ಮುಖ್ಯ ಅತಿಥಿಯಾಗಿ ಹಾರ ಹಾಕಿಸಿಕೊಂಡವಳೇ. ಬ್ಯಾನರು ಮತ್ತು ಆಟ ಒಂದಕ್ಕೊಂದು ಸಂಬಂಧವೇ ಇಲ್ಲದೆ ಅಕ್ಕಪಕ್ಕ ನಿಂತಿರುವುದು ಆಗ ನನಗೆ ಕಂಡಿರಲಿಲ್ಲ.

ಸಂಬಂಧ ಕಟ್ಟಿದವರ ಕತೆಯೊಂದನ್ನು ಹೇಳುತ್ತೇನೆ. ಆಫ್ರಿಕಾ ಖಂಡದ ಪೂರ್ವಕ್ಕೆ ಕೀನ್ಯಾ ಎಂಬ ದೇಶವಿದೆ. ಅದರ ರಾಜಧಾನಿ ನೈರೋಬಿ. ಆ ನಗರದಲ್ಲಿ ಮಥಾರೆ ಎಂಬ ದೊಡ್ಡ ಕೊಳೆಗೇರಿ. ತಗಡಿನ ಗುಡಿಸಲುಗಳು, ಅವುಗಳ ನಡುವೆ ತೆರೆದ ಚರಂಡಿ, ಚರಂಡಿಯ ಪಕ್ಕದಲ್ಲಿ ಯಾರೂ ಎತ್ತದ ಕಸದ ರಾಶಿ. ಮಳೆ ಬಂದರೆ ಕಸ ಚರಂಡಿಗೆ, ಚರಂಡಿ ಮನೆಯೊಳಗೆ, ಆಮೇಲೆ ಮಕ್ಕಳಿಗೆ ವಾಂತಿ-ಭೇದಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಪ್ರಧಾನ ಕಚೇರಿ ಇರುವುದೂ ಇದೇ ನೈರೋಬಿಯಲ್ಲಿ. ಒಂದೇ ಊರಿನಲ್ಲಿ ಜಗತ್ತಿನ ಪರಿಸರದ ಕಚೇರಿಯೂ ಉಂಟು, ಆ ಕಸವೂ ಉಂಟು.

1987ರಲ್ಲಿ ಬಾಬ್ ಮನ್ರೋ ಎಂಬ ಕೆನಡಾ ದೇಶದವರು ಅಲ್ಲಿಯ ಹುಡುಗರನ್ನು ಸೇರಿಸಿ ಮಥಾರೆ ಯುವ ಕ್ರೀಡಾ ಸಂಘವನ್ನು ಆರಂಭಿಸಿದರು. ಹುಡುಗರು ಪ್ಲಾಸ್ಟಿಕ್ ಚೀಲಗಳನ್ನು ಸುತ್ತಿ ದಾರ ಕಟ್ಟಿ ಚೆಂಡು ಮಾಡಿಕೊಂಡು ಆಡುತ್ತಿದ್ದರು. ಅವರಿಗೆ ನಿಜವಾದ ಚೆಂಡು, ರೆಫರಿ, ಪಂದ್ಯಾವಳಿ ಸಿಕ್ಕಿತು. ಆದರೆ ಒಂದು ಷರತ್ತು ಇತ್ತು: ನೀವು ಆಡಬೇಕಾದರೆ ನಿಮ್ಮ ಕೇರಿಯನ್ನು ನೀವೇ ಚೊಕ್ಕಟ ಮಾಡಬೇಕು. ಈ ಷರತ್ತನ್ನು ಅವರು ಗೋಡೆಯ ಮೇಲೆ ಘೋಷಣೆಯಾಗಿ ಬರೆದು ಬಿಡಲಿಲ್ಲ, ಅಂಕದ ಪಟ್ಟಿಯೊಳಗೇ ಸೇರಿಸಿದರು. ಫುಟ್‌ಬಾಲಿನಲ್ಲಿ ಪಂದ್ಯ ಗೆದ್ದರೆ ಸಾಮಾನ್ಯವಾಗಿ 3 ಅಂಕ. ಮಥಾರೆಯಲ್ಲಿ ಚರಂಡಿ ತೆಗೆದು ಕಸ ಎತ್ತುವ ಒಂದು ಕೆಲಸವನ್ನು ತಂಡ ಪೂರ್ತಿ ಮಾಡಿದರೆ 6 ಅಂಕ. ಎರಡು ಪಂದ್ಯ ಗೆದ್ದಷ್ಟು! ಎಷ್ಟು ಗೋಲು ಹೊಡೆದರೂ ಸನಿಕೆ ಹಿಡಿಯದ ತಂಡ ಪಟ್ಟಿಯಲ್ಲಿ ಕೆಳಗೇ ಉಳಿಯುತ್ತದೆ. 1992ರಲ್ಲಿ ಈ ಸಂಘಕ್ಕೆ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು.

ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಮೈದಾನದಲ್ಲಿ ಒರಟಾಗಿ ನಡೆದುಕೊಂಡವರಿಗೆ ರೆಫರಿ ಕೆಂಪು ಚೀಟಿ ತೋರಿಸಿ ಹೊರಗೆ ಕಳಿಸುತ್ತಾರಲ್ಲ, ಮಥಾರೆಯಲ್ಲಿ ಹಾಗೆ ಹೊರಹೋದವರು ಮತ್ತೆ ಆಡಬೇಕಾದರೆ ಮೊದಲು ಚಿಕ್ಕ ಮಕ್ಕಳ ಪಂದ್ಯಗಳಿಗೆ ತಾವೇ ರೆಫರಿಯಾಗಬೇಕು. ತೀರ್ಪು ಕೊಡುವವರ ಕಷ್ಟವೇನೆಂದು ತಿಳಿಯಲಿ ಎಂದು. ಅತ್ಯಂತ ಸಭ್ಯವಾಗಿ ಆಡಿದವರಿಗೆ ಹಸಿರು ಚೀಟಿ. ಊರಿಗಾಗಿ ಮಾಡಿದ ದುಡಿಮೆಯಿಂದ, ಕಿರಿಯರಿಗೆ ಆಟ ಕಲಿಸಿದ್ದರಿಂದ ಬಂದ ಅಂಕಗಳನ್ನು ಕೂಡಿಸಿ, ಹೆಚ್ಚು ಗಳಿಸಿದವರ ಶಾಲೆಯ ಶುಲ್ಕವನ್ನು ಸಂಘವೇ ಶಾಲೆಗೆ ಕಟ್ಟುತ್ತದೆ.

ಆದರೆ ಗಮನಿಸಿ, 1987ರಲ್ಲಿ ಶುರುವಾದ ಈ ಸಂಘದಲ್ಲಿ ಹುಡುಗಿಯರ ಫುಟ್‌ಬಾಲ್ ಆರಂಭವಾದದ್ದು 1992ರಲ್ಲಿ. ಐದು ವರ್ಷ ತಡ. ಒಳ್ಳೆಯ ಸಂಘದಲ್ಲೂ ಹೆಣ್ಣು ಕಣ್ಣಿಗೆ ಬೀಳಲು ಇಷ್ಟು ಹೊತ್ತು ಹಿಡಿಯುತ್ತದೆ. ಕರೆದ ಮೇಲೂ ಹುಡುಗಿಯರು ಬರುವುದು ಸುಲಭವಿರಲಿಲ್ಲ. ಕಾಲಿಗೆ ಬಲವಿಲ್ಲ ಎಂದಲ್ಲ, ಕೈಗೆ ಬಿಡುವಿಲ್ಲ! ನೀರು ತರಬೇಕು, ಅಡುಗೆ ಮಾಡಬೇಕು, ತಮ್ಮ-ತಂಗಿಯರನ್ನು ನೋಡಿಕೊಳ್ಳಬೇಕು. ಅದು ಗಂಡುಮಕ್ಕಳ ಆಟ, ಮಗಳು ಕತ್ತಲಾದ ಮೇಲೆ ಬಂದರೆ ಜನ ಏನೆಂದಾರು ಎಂದು ತಾಯಂದಿರು ತಡೆದರು. ಸಂಘದವರು ಮನೆ ಮನೆಗೆ ಹೋಗಿ ತಂದೆ-ತಾಯಿಯರೊಡನೆ ಮಾತಾಡಬೇಕಾಯಿತು. ಆಟದ ಹೊತ್ತನ್ನು ಮನೆಗೆಲಸದ ಹೊತ್ತಿಗೆ ಹೊಂದಿಸಿಕೊಳ್ಳಬೇಕಾಯಿತು.

ಇದನ್ನು ಓದುವಾಗ ನನಗೆ ನನ್ನದೇ ಒಂದು ಸಹಿ ನೆನಪಾಯಿತು. ಇದನ್ನು ಎಲ್ಲಿಯೂ ಹೇಳಿಲ್ಲ, ಇಲ್ಲಿ ಹೇಳಿಬಿಡುತ್ತೇನೆ.

1990ರ ದಶಕ. ನಾನು ಇತಿಹಾಸ ಪಾಠ ಮಾಡುತ್ತಿದ್ದ ಕಾಲೇಜಿನ ಕ್ರೀಡಾ ಸಮಿತಿಯಲ್ಲಿ ನಾನೊಬ್ಬಳೇ ಹೆಂಗಸು. ಹನ್ನೊಂದು ಹುಡುಗಿಯರು ಸೇರಿ ಅರ್ಜಿ ಬರೆದಿದ್ದರು: ವಾರದಲ್ಲಿ ಎರಡು ಸಂಜೆ ನಮಗೆ ಮೈದಾನ ಬಿಟ್ಟುಕೊಡಿ, ಫುಟ್‌ಬಾಲ್ ಆಡುತ್ತೇವೆ. ಸಮಿತಿಯ ಗಂಡಸರು ನನ್ನ ಕಡೆ ನೋಡಿದರು. ಹುಡುಗಿಯರ ವಿಷಯ ತಾನೇ, ನೀವೇ ಹೇಳಿ ಮೇಡಂ ಎಂದು. ನಾನು ಹಾಸ್ಟೆಲಿನ ಸಮಯ, ಸುರಕ್ಷತೆ, ಪೋಷಕರ ಆಕ್ಷೇಪ ಎಂದೆಲ್ಲ ಬರೆದು "ಸಾಧ್ಯವಿಲ್ಲ" ಎಂದು ಸಹಿ ಹಾಕಿದೆ. ಅದು ತಪ್ಪೆಂದು ಆಗ ಅನ್ನಿಸಲೂ ಇಲ್ಲ. ಎಂ.ಎ. ಓದಿದವಳು, ಸ್ತ್ರೀ ಸಮಾನತೆಯ ಬಗ್ಗೆ ವೇದಿಕೆಯಲ್ಲಿ ಮಾತಾಡುವವಳು!

ಆ ಅರ್ಜಿಯಲ್ಲಿ ಮೊದಲ ಹೆಸರು ಯಾರದಿತ್ತೋ ಆ ಹುಡುಗಿಗೆ ಡಿಗ್ರಿ ಮುಗಿಯುವ ಮೊದಲೇ ಮದುವೆಯಾಯಿತು. ಎರಡು ವರ್ಷದ ನಂತರ ಅವಳನ್ನು ಆಸ್ಪತ್ರೆಯೊಂದರ ವರಾಂಡದಲ್ಲಿ ಕಂಡೆ. ಮೊಣಕೈಗೆ ಪಟ್ಟಿ, ಹುಬ್ಬಿನ ಮೇಲೆ ಹೊಲಿಗೆ. "ಬಚ್ಚಲಲ್ಲಿ ಜಾರಿದೆ ಮೇಡಂ" ಎಂದಳು. ನಮ್ಮ ದೇಶದ ಬಚ್ಚಲುಗಳಷ್ಟು ಜಾರುವ ಜಾಗ ಭೂಮಿಯ ಮೇಲೆ ಬೇರೆ ಇರಲಾರದು. ಜೊತೆಗಿದ್ದ ಅತ್ತೆ ಅವಳ ಪರವಾಗಿ ಮಿಕ್ಕ ಮಾತೆಲ್ಲ ಆಡಿದರು. ನಾನು ಕಿತ್ತಳೆಹಣ್ಣು ಕೊಟ್ಟು ಬಂದೆ. ಅಷ್ಟೇ. ಅದಾದ ಮೇಲೆ ಅವಳೇನಾದಳೆಂದು ನನಗೆ ತಿಳಿಯದು.

ಫುಟ್‌ಬಾಲ್ ಆಡಿದ್ದರೆ ಅವಳು ಉಳಿಯುತ್ತಿದ್ದಳು, ಹೊಡೆತ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಹಾಗೆ ಹೇಳುವವರನ್ನು ನಂಬಲೂಬೇಡಿ. ಆದರೆ ತಂಡದಲ್ಲಿ ಹನ್ನೊಂದು ಜನ ಬೇಕು. ಹತ್ತು ಜನ ಬಂದರೆ ಯಾರು ಬಂದಿಲ್ಲ ಎಂದು ಕಣ್ಣು ಹುಡುಕುತ್ತದೆ. ಐದು ಗಂಟೆಗೆ ಮೈದಾನಕ್ಕೆ ಬರಬೇಕಾದವಳು ಬರದಿದ್ದರೆ ಐದೂಕಾಲಿಗೆ ಹತ್ತು ಹೆಂಗಸರಿಗೆ ಗೊತ್ತಾಗುತ್ತದೆ. ನನ್ನ ವಿದ್ಯಾರ್ಥಿನಿ ಬಾರದೆ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಅವಳು ಬರಬೇಕಾದ ಜಾಗವೇ ಇರಲಿಲ್ಲ.

ನಿಮಗೆ ಅಂಥ ಜಾಗ ಇದೆ, ನಿಮ್ಮ ಸಂಘದ ವಾರದ ಸಭೆ. ಆದರೆ ಸದಸ್ಯೆ ಬರದಿದ್ದರೆ ಏನು ಮಾಡುತ್ತೀರಿ? ದಂಡ ಹಾಕುತ್ತೀರಿ, ಪುಸ್ತಕದಲ್ಲಿ ಬರೆಯುತ್ತೀರಿ. ಅವಳ ಉಳಿತಾಯದ ಹಣವನ್ನು ಮಗುವಿನ ಕೈಯಲ್ಲಿ ಕಳಿಸಿದರೆ ಅದೂ ಸರಿ. ಯಾಕೆ ಬರಲಿಲ್ಲ ಎಂದು ಬಾಗಿಲು ತಟ್ಟಿ ನೋಡುವವರೆಷ್ಟು ಜನ? ಕೈ ಎತ್ತುವುದು ಬೇಡ, ಮನಸ್ಸಿನಲ್ಲೇ ಎಣಿಸಿಕೊಳ್ಳಿ.

ಇನ್ನು ಹೆಂಗಸರ ಆಟದಿಂದ ಸಾಮಾಜಿಕ ಕೆಲಸಕ್ಕೆ ಹಣ, ಜನ ಸೇರುತ್ತಾರೆಯೇ ಎಂದು ಕೇಳುವವರಿಗಾಗಿ ನೂರು ವರ್ಷದ ಹಿಂದಿನ ಒಂದು ಸಂಗತಿ. ಇತಿಹಾಸದ ಮೇಷ್ಟ್ರು ಇತಿಹಾಸ ಬಿಡುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಂಡಸರೆಲ್ಲ ರಣರಂಗಕ್ಕೆ ಹೋದಾಗ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದವರು ಹೆಂಗಸರು. ಪ್ರೆಸ್ಟನ್ ಎಂಬ ಊರಿನ ಡಿಕ್, ಕೆರ್ ಕಾರ್ಖಾನೆಯ ಹೆಂಗಸರು ಬಿಡುವಿನಲ್ಲಿ ಫುಟ್‌ಬಾಲ್ ಆಡುತ್ತಿದ್ದರು. 1917ರ ಕ್ರಿಸ್‌ಮಸ್ ದಿನ, ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಹಣ ಕೂಡಿಸಲು ಅವರು ಆಡಿದ ಪಂದ್ಯಕ್ಕೆ 10,000 ಜನ ಬಂದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಮೈದಾನದಲ್ಲಿ ಅವರ ಆಟ ನೋಡಲು ಸುಮಾರು 53,000 ಜನ ಟಿಕೆಟ್ ಕೊಂಡು ಒಳಗೆ ಕೂತರು, ಸಾವಿರಾರು ಜನ ಜಾಗವಿಲ್ಲದೆ ಹಿಂದಿರುಗಿದರು. ಅವರೆಲ್ಲ ಹವ್ಯಾಸಿಗಳು, ಕೂಲಿ ಹೆಂಗಸರು. ಸೈನಿಕರಿಗಾಗಿ ಆಡುವ ತನಕ ಹೊಗಳಿಕೆಯೇ ಹೊಗಳಿಕೆ. 1921ರಲ್ಲಿ ಕಲ್ಲಿದ್ದಲ ಗಣಿಯ ಮಾಲೀಕರು ಕೂಲಿ ಇಳಿಸಲು ಹೊರಟು, ಒಪ್ಪದ ಕಾರ್ಮಿಕರಿಗೆ ಗಣಿಯ ಬಾಗಿಲು ಮುಚ್ಚಿದರು. ಆ ಕಾರ್ಮಿಕರ ಹಸಿದ ಮಕ್ಕಳಿಗಾಗಿಯೂ ಹೆಂಗಸರ ತಂಡಗಳು ಆಡಿ ಹಣ ಕೂಡಿಸಿದವು. ಅದೇ ವರ್ಷ ಡಿಸೆಂಬರ್ 5ರಂದು ಅಲ್ಲಿಯ ಫುಟ್‌ಬಾಲ್ ಒಡೆಯರಾದ ಸಂಸ್ಥೆ, ಈ ಆಟ ಹೆಂಗಸರಿಗೆ ಸಲ್ಲದು, ತನ್ನ ಅಧೀನದ ಮೈದಾನಗಳನ್ನು ಅವರಿಗೆ ಕೊಡಕೂಡದು ಎಂದು ಆಜ್ಞೆ ಮಾಡಿತು. ಕೂಡಿದ ಹಣದ ಲೆಕ್ಕ ಸರಿಯಿಲ್ಲ ಎಂಬ ಗುಮಾನಿಯನ್ನೂ ಸೇರಿಸಿತು. ಗಣಿಯವರ ಪರ ನಿಂತದ್ದೂ ಈ ಸಿಟ್ಟಿಗೆ ಒಂದು ಕಾರಣವೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಆ ನಿಷೇಧ ಹೋಗುವಷ್ಟರಲ್ಲಿ ಸುಮಾರು ಐವತ್ತು ವರ್ಷ ಕಳೆಯಿತು.

ಹಾಗಾಗಿ ಎರಡು ಎಚ್ಚರ. ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲೇ ಇರಲಿ, ಪೈಸೆಗೆ ಪೈಸೆ ಬರೆದಿರಲಿ. ಲೆಕ್ಕ ಬರೆಯುವುದನ್ನು ನಿಮಗೆ ಕಲಿಸಬೇಕಿಲ್ಲ. ಎರಡನೆಯದು, ಮೈದಾನ ಯಾರದ್ದು ಎಂಬುದನ್ನು ಮೊದಲೇ ಬರಹದಲ್ಲಿ ಮಾಡಿಸಿಕೊಳ್ಳಿ. ನಾವು ಗೆಡ್ಡೆ ಕೀಳುವ ತನಕ ಬಯಲು ಯಾರಿಗೂ ಬೇಡ, ಚೊಕ್ಕಟವಾದ ಮೇಲೆ ಎಲ್ಲರಿಗೂ ಬೇಕು.

ಗ್ವಾಟೆಮಾಲಾ ಎಂಬ ದೇಶದಲ್ಲಿ 2004ರಲ್ಲಿ ರೈಲು ಹಳಿಯ ಪಕ್ಕದ ಗೂಡುಗಳಲ್ಲಿ ಮೈ ಮಾರಿ ಬದುಕುವ ಹೆಂಗಸರು ಒಂದು ಫುಟ್‌ಬಾಲ್ ತಂಡ ಕಟ್ಟಿದರು. ತಮ್ಮನ್ನು ಹೊಡೆಯುತ್ತಾರೆ, ಕೊಲ್ಲುತ್ತಾರೆ, ಪೊಲೀಸರು ಕೇಳುವುದಿಲ್ಲ ಎಂಬುದನ್ನು ಊರಿಗೆ ತಿಳಿಸಲು. ಅವರು ಸೇರಿದ ಪಂದ್ಯಾವಳಿಯಿಂದ, ಅವರ ವೃತ್ತಿ ತಿಳಿದ ಕೂಡಲೆ, ಹೊರಗೆ ಹಾಕಿದರು. ಹೊರಗೆ ಹಾಕಿದ ಸುದ್ದಿಯೇ ಪತ್ರಿಕೆಗಳಿಗೆ ಹೋಗಿ, ಅವರ ಮಾತು ದೇಶದಾಚೆಗೂ ಕೇಳಿಸಿತು. ನಮ್ಮ ಪಂದ್ಯಾವಳಿಯಲ್ಲೂ "ಅವಳು ಯಾವ ಜಾತಿ, ಅವಳು ಗಂಡ ಬಿಟ್ಟವಳು" ಎಂಬ ಮಾತು ಬಂದೇ ಬರುತ್ತದೆ. ಬಂದಾಗ ಇವರನ್ನು ನೆನೆಯಿರಿ.

ನಮ್ಮ ದೇಶದಲ್ಲೇ ಇದೆ, ದೂರ ಯಾಕೆ. ಜಾರ್ಖಂಡ್ ರಾಜ್ಯದ ರಾಂಚಿಯ ಹತ್ತಿರ ಓರ್ಮಾಂಝಿ ಎಂಬಲ್ಲಿ 2009ರಿಂದ ಯುವಾ ಎಂಬ ಸಂಸ್ಥೆ ಹಳ್ಳಿಯ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದೆ. ಎಳೆಯ ವಯಸ್ಸಿನಲ್ಲೇ ಮದುವೆ ಮಾಡಿಬಿಡುವ ಕಡೆ ಅದು. 2013ರಲ್ಲಿ ಆ ಹುಡುಗಿಯರು ಸ್ಪೇನಿಗೆ ಹೋಗಿ ಒಂದು ಪಂದ್ಯಾವಳಿಯಲ್ಲಿ ಮೂರನೆಯ ಸ್ಥಾನ ಪಡೆದರು. ಹೋಗುವ ಮೊದಲು ಪಾಸ್‌ಪೋರ್ಟಿಗೆ ಬೇಕಾದ ಜನನ ಪ್ರಮಾಣಪತ್ರ ಕೇಳಲು ಪಂಚಾಯಿತಿ ಕಚೇರಿಗೆ ಹೋದಾಗ ತಮಗೆ ಕೆನ್ನೆಗೆ ಹೊಡೆದರು, ನೆಲ ಗುಡಿಸಿಸಿದರು ಎಂದು ಅವರು ಪತ್ರಿಕೆಗಳಿಗೆ ಹೇಳಿದರು. ಚೆಂಡು ಒದೆಯುವ ಹುಡುಗಿಗೂ ಮೊದಲು ಕೊಡುವುದು ಪೊರಕೆಯನ್ನೇ.

ಪೊರಕೆಯ ಮಾತು ಬಂದದ್ದರಿಂದ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಮಥಾರೆಯ ಕತೆಯನ್ನು ಕಳೆದ ತಿಂಗಳು ಒಂದು ಸಂಘದಲ್ಲಿ ಹೇಳಿದಾಗ ಒಬ್ಬ ಹಿರಿಯ ಸದಸ್ಯೆ ಎದ್ದು, "ಮನೆ ಗುಡಿಸಿದೆವು, ಬೀದಿ ಗುಡಿಸಿದೆವು, ಈಗ ಆಟಕ್ಕೂ ಕೆರೆ ಗುಡಿಸಬೇಕೇನ್ರಮ್ಮಾ?" ಎಂದರು. ನನಗೆ ಕೂಡಲೆ ಉತ್ತರ ತೋಚಲಿಲ್ಲ. ಅವರು ಹೇಳಿದ್ದು ಸರಿ. ಪರಿಸರ ರಕ್ಷಣೆಯ ಹೆಸರಿನಲ್ಲಿ ಹೆಣ್ಣಿನ ಹೆಗಲಿಗೆ ಇನ್ನೊಂದು ಬಿಟ್ಟಿ ಚಾಕರಿ ಹೊರಿಸುವುದಾದರೆ ಈ ಆಟವೇ ಬೇಡ. ಆ ರಾತ್ರಿ ಯೋಚಿಸಿ ಒಂದು ನಿಯಮ ಬರೆದುಕೊಂಡೆ: ಕೆರೆಯ ದಂಡೆ, ಚರಂಡಿ, ಶಾಲೆಯ ಸುತ್ತಲ ಪ್ಲಾಸ್ಟಿಕ್ ಯಾವುದೇ ಇರಲಿ, ಆ ದಿನ ಕೆಲಸಕ್ಕೆ ಬಂದವರಲ್ಲಿ ಅರ್ಧದಷ್ಟು ಊರಿನ ಗಂಡಸರಿದ್ದರೆ ಮಾತ್ರ ತಂಡಕ್ಕೆ 6 ಅಂಕ. ಗಂಡಸರು ದಂಡೆಯ ಮೇಲೆ ನಿಂತು ಸಲಹೆ ಕೊಟ್ಟದ್ದು ಲೆಕ್ಕಕ್ಕಿಲ್ಲ. ಹೆಂಡತಿಯ ತಂಡ ಪಟ್ಟಿಯಲ್ಲಿ ಮೇಲೇರಬೇಕಾದರೆ ಗಂಡ ಸನಿಕೆ ಹಿಡಿಯಬೇಕು. ಪಂದ್ಯದ ದಿನದ ಅಡುಗೆಯೂ ಹಾಗೆಯೇ. ಅನ್ನ-ಸಾರು ಗಂಡಸರು ಮಾಡಲಿ, ಉಪ್ಪು ಕಡಿಮೆಯಾದರೆ ಸಹಿಸಿಕೊಳ್ಳೋಣ. ಊಟಕ್ಕೆ ಮನೆಯಿಂದ ತಟ್ಟೆ-ಲೋಟ ತನ್ನಿ. ಚೊಕ್ಕಟ ಮಾಡಿದ ಬಯಲಿನಲ್ಲಿ ಪ್ಲಾಸ್ಟಿಕ್ ಲೋಟ ಬಿಸಾಡಿ ಬರುವುದು ಬೇಡ.

ವರದಕ್ಷಿಣೆಗೆ ಯಾವ ನಿಯಮ? 1961ರ ಕಾಯಿದೆ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಅಪರಾಧ ಎನ್ನುತ್ತದೆ. ಆದರೆ ನಮ್ಮ ಸಂಘಗಳ ಸಾಲದ ಪುಸ್ತಕ ತೆರೆದು ನೋಡಿ. "ಮದುವೆ ಖರ್ಚು" ಎಂದು ಬರೆದದ್ದರಲ್ಲಿ ಎಷ್ಟು ಪಾಲು ಬೀಗರ ಜೇಬಿಗೆ ಹೋಯಿತೆಂದು ಸಾಲ ಮಂಜೂರು ಮಾಡಿದ ನಮಗೆ ಗೊತ್ತಿಲ್ಲವೇ? ವಾರಕ್ಕಿಷ್ಟೆಂದು ನಾವೇ ಉಳಿಸಿದ ಹಣದಿಂದ ನಮ್ಮ ಹೆಣ್ಣುಮಕ್ಕಳ ಬೆಲೆ ಕಟ್ಟುತ್ತಿದ್ದೇವೆ. ಆ ವರ್ಷ ವರದಕ್ಷಿಣೆಗೆ ಸಾಲ ಕೊಟ್ಟ ಸಂಘದ ತಂಡಕ್ಕೆ ಪ್ರವೇಶವಿಲ್ಲ ಎಂಬ ನಿಯಮ ಮಾಡೋಣ. "ಮನೆ ರಿಪೇರಿ ಎಂದು ಬರೆದುಕೊಳ್ಳುತ್ತಾರೆ ಮೇಡಂ" ಎನ್ನುತ್ತೀರಿ. ಬರೆದುಕೊಳ್ಳಲಿ. ಸುಳ್ಳು ಬರೆಯುವಾಗ ಕೈ ಒಮ್ಮೆ ನಿಲ್ಲುತ್ತದಲ್ಲ, ಸದ್ಯಕ್ಕೆ ಅಷ್ಟಾದರೂ ಆಗಲಿ. ಪ್ರಾಯೋಜಕರ ವಿಷಯದಲ್ಲೂ ಎಚ್ಚರ. ಒಂದು ಕಡೆ ಮಹಿಳಾ ಕ್ರೀಡಾಕೂಟಕ್ಕೆ ಚಿನ್ನದಂಗಡಿಯವರು ಬಂದು, ಮದುಮಗಳ ಒಡವೆಯ ಜಾಹೀರಾತನ್ನು ವರದಕ್ಷಿಣೆ ವಿರೋಧದ ಬ್ಯಾನರಿನ ಪಕ್ಕದಲ್ಲೇ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಹೆಂಡದಂಗಡಿಯವರ ಹಣ ಬೇಡವೆಂದು ನಾನು ಹೇಳಬೇಕಿಲ್ಲ.

ಹೊಡೆತ-ಬಡಿತಕ್ಕೆ ಮಾತ್ರ ಅಂಕ ಇಡಬೇಡಿ. ಎಷ್ಟು ದೂರು ಕೊಡಿಸಿದಿರಿ ಎಂದು ಎಣಿಸಿ ಅಂಕ ಕೊಟ್ಟರೆ, ಸಿದ್ಧವಿಲ್ಲದ ಹೆಂಗಸನ್ನು ಠಾಣೆಗೆ ಎಳೆದೊಯ್ಯುತ್ತೇವೆ. ರಾತ್ರಿ ಅವಳು ಹಿಂದಿರುಗಬೇಕಾದದ್ದು ಅದೇ ಮನೆಗೆ. ಒಬ್ಬಳ ನೋವು ಇನ್ನೊಬ್ಬಳ ಗೆಲುವಾಗಬಾರದು. ಇದಕ್ಕೆ ಒಂದೇ ನಿಯಮ ಸಾಕು: ತಂಡದ ಪಟ್ಟಿಯಲ್ಲಿ ಹೆಸರಿದ್ದವಳು ಬಾರದಿದ್ದರೆ, ತಂಡದ ಇಬ್ಬರು ಅವಳ ಮನೆಗೆ ಹೋಗಿ, ಅವಳನ್ನೇ ಕಂಡು, ಅವಳ ಬಾಯಿಂದಲೇ ಕಾರಣ ಕೇಳಿ ಬರುವ ತನಕ ಆಟ ಶುರುವಾಗುವುದಿಲ್ಲ. ಅತ್ತೆಯ ಬಾಯಿಂದಲ್ಲ, ಗಂಡನ ಬಾಯಿಂದಲ್ಲ. ಎದುರು ತಂಡವೂ ಕಾಯಬೇಕು, ನೋಡಲು ಬಂದವರೂ ಕಾಯಬೇಕು. ಇಡೀ ಊರು ಅರ್ಧ ಗಂಟೆ ಒಬ್ಬ ಹೆಂಗಸಿಗಾಗಿ ಕಾದು ಕೂತದ್ದನ್ನು ನಾನಂತೂ ನನ್ನ ಜೀವಮಾನದಲ್ಲಿ ನೋಡಿಲ್ಲ.

ಹೋದ ಇಬ್ಬರಿಗೆ ಏನಾದರೂ ಕಂಡರೆ ಏನು ಮಾಡಬೇಕೆಂದು ಮೊದಲೇ ತಿಳಿದಿರಬೇಕು. ಅಲ್ಲಿ ಜಗಳ ತೆಗೆಯಬೇಡಿ. ಅವಳಿಗೆ ಏನು ಬೇಕೆಂದು ಕೇಳಿ. ಮಹಿಳಾ ಸಹಾಯವಾಣಿ 181. ಮಕ್ಕಳಿಗೆ, ಬಾಲ್ಯವಿವಾಹಕ್ಕೆ 1098. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ ಸಂರಕ್ಷಣಾಧಿಕಾರಿ ಎಂದರೆ ನಮ್ಮ ರಾಜ್ಯದಲ್ಲಿ ನೀವು ಅಂಗನವಾಡಿಯ ಕೆಲಸಕ್ಕೆ ಕಾಣುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಆ ಕಾಯಿದೆಯಲ್ಲಿ ಅವಳನ್ನು ಮನೆಯಿಂದ ಹೊರಗೆ ಹಾಕದಂತೆ ಆದೇಶ ತರಬಹುದು, ಖರ್ಚಿಗೆ ಹಣ ಕೇಳಬಹುದು. ಹಿಂದೆ 498ಎ ಎಂದು ಕರೆಯುತ್ತಿದ್ದ, ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ ಕಲಮು 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 85 ಆಗಿದೆ. ಠಾಣೆಯಲ್ಲಿ ಯಾರಾದರೂ "498ಎ ರದ್ದಾಯಿತು" ಎಂದರೆ ಹೆದರಿ ಹಿಂದಿರುಗಬೇಡಿ.

ಆಟದ ವಿಷಯ ಇನ್ನು ಸ್ವಲ್ಪವೇ. ಹನ್ನೊಂದು ಜನ ಸಿಗದಿದ್ದರೆ ಏಳು ಜನ ಆಡಿ, ಹದಿನೈದು ಹದಿನೈದು ನಿಮಿಷ. ಮಗಳು, ತಾಯಿ, ಸೊಸೆ ಒಂದೇ ತಂಡದಲ್ಲಿ ಇರಬಹುದು. ಅತ್ತೆ-ಸೊಸೆ ಒಬ್ಬರಿಗೊಬ್ಬರು ಚೆಂಡು ದಾಟಿಸುವುದನ್ನು ನೋಡಲು ನಾನೇ ಟಿಕೆಟ್ ಕೊಳ್ಳುತ್ತೇನೆ. ಚೂಡಿದಾರದಲ್ಲಿ ಆಡಿ, ತಲೆಗೆ ಬಟ್ಟೆ ಕಟ್ಟುವವರು ಕಟ್ಟಿಕೊಳ್ಳಿ. 2014ರಿಂದ ಜಗತ್ತಿನ ಫುಟ್‌ಬಾಲ್ ನಿಯಮವೇ ಅದಕ್ಕೆ ಒಪ್ಪಿದೆ. ರೆಫರಿ ಹೆಂಗಸೇ ಆಗಿರಲಿ, ನಿಯಮ ಕಲಿಸಲು ಶಾಲೆಯ ದೈಹಿಕ ಶಿಕ್ಷಕಿಯರನ್ನು ಕೇಳೋಣ. ಚೆಂಡಿಗೆ ಹೆದರಬೇಡಿ, ಅದು ಅರ್ಧ ಕೇಜಿಯೂ ತೂಗುವುದಿಲ್ಲ. ಎರಡು ಕೊಡ ನೀರು ಹೊತ್ತು ಏರಿ ಹತ್ತುವವರು ನೀವು.

ಬಹುಮಾನಕ್ಕೆ ಸ್ಟೀಲ್ ಡಬ್ಬಿ ಬೇಡ. ಗೆದ್ದ ತಂಡದ ಒಬ್ಬ ಹುಡುಗಿಯ ಒಂದು ವರ್ಷದ ಕಾಲೇಜು ಶುಲ್ಕವನ್ನು ನಾನು ಕಟ್ಟುತ್ತೇನೆ. ಯಾರದ್ದೆಂದು ತಂಡವೇ ತೀರ್ಮಾನಿಸಲಿ.

ಆ ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೊರಡುವ ಮೊದಲು ಹೆಸರು, ಊರು, ಸಂಘ ಬರೆಯಿರಿ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಿ. ನನ್ನ ಮೊಣಕಾಲು ಓಡಲು ಬಿಡುವುದಿಲ್ಲ. ಅಂಕದ ಪುಸ್ತಕ ನಾನು ಬರೆಯುತ್ತೇನೆ, ಮನೆಗೆ ಹೋಗಿ ನೋಡಿ ಬರುವ ಇಬ್ಬರಲ್ಲಿ ನನ್ನನ್ನೂ ಒಬ್ಬಳಾಗಿ ಸೇರಿಸಿಕೊಳ್ಳಿ.